ಪಾರ್ಕಿನ ಬೀಗ, ಲಂಡನ್ನಿನ ಕುರ್ಚಿ

ಈ ಕಡೆ 21 ಕೈ, ಆ ಕಡೆ 21 ಕೈ. ನಾನು ಎರಡು ಸಲ ಎಣಿಸಿದೆ, ಕಾರ್ಯದರ್ಶಿ ಒಂದು ಸಲ ಎಣಿಸಿದರು, ಮೂರು ಸಲವೂ ಅಷ್ಟೇ ಬಂತು. ಸಮುದಾಯ ಭವನದ ಹಿಂದಿನ ಸಾಲಿನಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚುತ್ತಿದ್ದವರು ಯಾರೋ ಅರ್ಧಕ್ಕೆ ಕೈ ನಿಲ್ಲಿಸಿದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. 'ಹೇಳ್ರಿ ಸರ್, ನಿಮ್ಮ ಕೈ ಯಾವ ಕಡೆ?'

ವಿಷಯ ದೊಡ್ಡದೇನೂ ಅಲ್ಲ. ನಮ್ಮದು ದಾವಣಗೆರೆಯ ನಿಟ್ಟುವಳ್ಳಿ ಕಡೆ ಒಂದು ಸಣ್ಣ ಬಡಾವಣೆ, ನಡುವೆ ಒಂದು ಪಾರ್ಕು. ರಾತ್ರಿ ಒಂಬತ್ತಕ್ಕೆ ಅದರ ಗೇಟಿಗೆ ಬೀಗ ಹಾಕಬೇಕಾ ಬೇಡವಾ ಅನ್ನೋದು ಪ್ರಶ್ನೆ. ಬೆಳಗ್ಗೆ ಎದ್ದರೆ ಬಾಟಲಿ ಹೆಕ್ಕೋದೇ ಕೆಲಸ ಆಗಿದೆ, ಹಾಕಿ ಬೀಗ ಅಂತ ಅರ್ಧ ಜನ. ಅಂಗಡಿ ಮುಚ್ಚಿ ಮನೆಗೆ ಬಂದು ಉಂಡು ನಾಲ್ಕು ಸುತ್ತು ಹಾಕೋಕೆ ನಮಗಿರೋದು ಅದೊಂದೇ ಹೊತ್ತು, ಯಾರೋ ಪುಂಡರು ಕುಡಿದರೆ ನಮಗ್ಯಾಕೆ ಶಿಕ್ಷೆ ಅಂತ ಇನ್ನರ್ಧ. ಎರಡೂ ಸರಿಯೇ. ಸಂಘದ ಅಧ್ಯಕ್ಷರೇ ಬೀಗದ ನಿರ್ಣಯ ತಂದಿದ್ದರಿಂದ ಅವರು ಸಭೆ ನಡೆಸೋದು ಬೇಡ ಅಂತ ಕೆಲವರು ತಕರಾರು ತೆಗೆದರು. ಆಗ ನನ್ನನ್ನು ಕರೆದು ಕೂರಿಸಿದ್ದು. ನನ್ನದು ಮೆಡಿಕಲ್ ಶಾಪ್. 'ನೀವು ಎಲ್ಲರಿಗೂ ಮಾತ್ರೆ ಕೊಡೋರು, ನಿಮಗೆ ಆ ಪಾರ್ಟಿ ಈ ಪಾರ್ಟಿ ಇಲ್ಲ' ಅಂದರು. ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಆದರೆ ಪಾರ್ಕಿನ ಗೋಡೆಗೆ ಅಂಟಿಕೊಂಡೇ ನನ್ನ ಮನೆ ಇರೋದು. ರಾತ್ರಿ ಹನ್ನೊಂದರ ತನಕ ಬೈಕು, ನಗು, ಮೊಬೈಲ್ ಹಾಡು. ಬೀಗದ ಕಡೆ ಕೈ ಎತ್ತಿದೆ. 22-21. ಚಹಾ ಬಂತು, ಸಭೆ ಮುಗಿಯಿತು.

ನಮ್ಮ ಎದುರು ಸಾಲಿನಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ತಿಂಗಳ ಮೊದಲ ವಾರ ಬಿಪಿ ಮಾತ್ರೆಗೆ ನನ್ನ ಅಂಗಡಿಗೇ ಬರುತ್ತಿದ್ದರು. ಆ ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಒಂದು ದಿನ ಅವರ ಕೈಯಲ್ಲಿ ಬೇರೆ ಅಂಗಡಿಯ ಕವರ್ ನೋಡಿದೆ, ಅವರೂ ನಾನು ನೋಡಿದ್ದನ್ನು ನೋಡಿದರು. ಕೊನೆಗೆ ಒಂದು ಭಾನುವಾರ ಬೇರೆ ಅಂಗಡಿಗಳೆಲ್ಲ ಮುಚ್ಚಿದ್ದಾಗ ಗ್ಯಾಸಿನ ಮಾತ್ರೆಗೆ ಬಂದರು. ಚಿಲ್ಲರೆ ಎಣಿಸುತ್ತಾ ಹೇಳಿದರು: 'ನೀನು ಬೀಗದ ಪರ ಇದ್ದಿದ್ದಕ್ಕೆ ನನಗೆ ಸಿಟ್ಟಿಲ್ಲಪ್ಪ. ಕುರ್ಚಿ ಮೇಲೆ ಕೂತು ಪರ ಆದೆಯಲ್ಲ, ಅದಕ್ಕೆ ಬೇಜಾರು. ಇಂಗ್ಲೆಂಡಿನ ಸ್ಪೀಕರ್ ಆಗಿದ್ದರೆ ಹಂಗೆ ಮಾಡ್ತಿರಲಿಲ್ಲ.'

ನಮ್ಮ ಪಾರ್ಕಿಗೂ ಇಂಗ್ಲೆಂಡಿನ ಸ್ಪೀಕರ್‌ಗೂ ಏನು ಸಂಬಂಧ ಅಂತ ನಕ್ಕೆ. ಅವರು ನಗಲಿಲ್ಲ. ಅವತ್ತು ರಾತ್ರಿ ಸುಮ್ನೆ ಹುಡುಕೋಕೆ ಕೂತವನಿಗೆ ಒಂದು ವಾರ ಅದೇ ಹುಚ್ಚು ಹಿಡೀತು. ಮೇಷ್ಟ್ರು ಹೇಳಿದ ನಿಯಮ ಸಿಕ್ಕಿತು, ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಸಿಕ್ಕಿದ್ದೇ ಜಾಸ್ತಿ ಮಜಾ ಇತ್ತು.

ನಮ್ಮ ಕಡೆ ಸ್ಪೀಕರ್ ಅಂದರೆ ದುಗ್ಗಮ್ಮನ ಜಾತ್ರೆಯಲ್ಲಿ ಎದೆ ಅದುರಿಸೋ ಪೆಟ್ಟಿಗೆ. ವಿಚಿತ್ರ ಅಂದರೆ ಪಾರ್ಲಿಮೆಂಟಿನ ಸ್ಪೀಕರ್ ಕೂಡ ಮೊದಲು ಮಾಡುತ್ತಿದ್ದುದು ಆ ಪೆಟ್ಟಿಗೆಯ ಕೆಲಸವನ್ನೇ. ಮೈಕಿನಲ್ಲಿ ಏನು ಹೋಯಿತೋ ಅದನ್ನೇ ಹೊರಗೆ ಹಾಕಬೇಕು, ತನ್ನದು ಅಂತ ಒಂದು ಮಾತೂ ಇಲ್ಲ. ಸದನದಲ್ಲಿ ಜನ ಕೂತು ಏನೋ ತೀರ್ಮಾನ ಮಾಡುತ್ತಾರೆ. ರಾಜನಿಗೆ ಯುದ್ಧಕ್ಕೆ ದುಡ್ಡು ಬೇಕು, ಇವರು ಕೊಡಲ್ಲ ಅಂದಿದ್ದಾರೆ ಅಂತಿಟ್ಟುಕೊಳ್ಳಿ. ಅದನ್ನು ಹೋಗಿ ರಾಜನ ಮುಂದೆ ಹೇಳೋರು ಯಾರು? ಅದಕ್ಕೊಬ್ಬ ಬೇಕಲ್ಲ. 1377ರಲ್ಲಿ ಥಾಮಸ್ ಹಂಗರ್‌ಫರ್ಡ್ ಅನ್ನೋನಿಗೆ ಮೊದಲ ಸಲ ಸ್ಪೀಕರ್ ಅನ್ನೋ ಹೆಸರು ಬಂತು. ಕೆಟ್ಟ ಸುದ್ದಿ ಹೊತ್ತುಕೊಂಡು ಹೋಗೋ ಕೆಲಸ ಅದು. 1394ರಿಂದ 1535ರ ಒಳಗೆ ಸ್ಪೀಕರ್ ಆಗಿದ್ದ ಏಳು ಜನರ ತಲೆ ಕಡಿದಿದ್ದಾರೆ. ಎಲ್ಲವೂ ಆ ಕುರ್ಚಿಯ ಕಾರಣಕ್ಕೇ ಅಲ್ಲ. ಕೊನೆಯವನು ಥಾಮಸ್ ಮೋರ್, 1523ರಲ್ಲಿ ಸ್ಪೀಕರ್ ಆಗಿದ್ದವನು, ರಾಜನನ್ನು ಚರ್ಚಿನ ಮುಖ್ಯಸ್ಥ ಅಂತ ಒಪ್ಪದೆ ತಲೆ ಕೊಟ್ಟ. ಆದರೂ ಏಳು ತಲೆ ಉರುಳಿದ ಮೇಲೆ ಆ ಕುರ್ಚಿಗೆ ಯಾರು ಖುಷಿಯಿಂದ ಹೋಗುತ್ತಾರೆ? ಅದಕ್ಕೇ ಇವತ್ತಿಗೂ ಅಲ್ಲಿ ಹೊಸ ಸ್ಪೀಕರ್ ಆರಿಸಿದಾಗ ಇಬ್ಬರು ಮೂವರು ಸೇರಿ ತೋಳು ಹಿಡಿದು ಎಳೆದುಕೊಂಡು ಹೋಗುತ್ತಾರೆ, ಆಯಪ್ಪ 'ಬ್ಯಾಡ ಬ್ಯಾಡ' ಅನ್ನೋ ಹಾಗೆ ಹಿಂದಕ್ಕೆ ಜಗ್ಗುತ್ತಾನೆ. ಮದುವೆ ಮನೆಯಲ್ಲಿ ಊಟಕ್ಕೆ ಏಳಿ ಅಂದರೆ ಬೀಗರು ಎಳೆಸಿಕೊಳ್ಳುತ್ತಾರಲ್ಲ, ಥೇಟ್ ಹಾಗೇ.

ನನ್ನನ್ನು ಹಾಗೆ ಎಳೆದವರಿದ್ದರು ನಿಜ, ಆದರೆ ನಾನು ಹಿಂದಕ್ಕೆ ಜಗ್ಗಲಿಲ್ಲ.

ಇನ್ನು ಲೆಂತಾಲ್ ಕಥೆ. ಇದನ್ನು ಹೇಳದೆ ಸ್ಪೀಕರ್ ಬಗ್ಗೆ ಬರೆಯೋಕೇ ಆಗಲ್ಲ. 1642ರ ಜನವರಿ 4. ಒಂದನೇ ಚಾರ್ಲ್ಸ್ ರಾಜ ಆಯುಧ ಹಿಡಿದ ಸೈನಿಕರನ್ನು ಬಾಗಿಲವರೆಗೆ ಕರೆತಂದು ತಾನು ಸದನದ ಒಳಗೇ ನುಗ್ಗಿದ. ಐದು ಜನ ಸದಸ್ಯರನ್ನು ರಾಜದ್ರೋಹ ಅಂತ ಹಿಡಿಯಬೇಕು ಅವನಿಗೆ. ಅವರಿಗೆ ಮೊದಲೇ ಸುಳಿವು ಸಿಕ್ಕಿ ಜಾಗ ಖಾಲಿ ಮಾಡಿದ್ದರು. ರಾಜ ನೇರ ಬಂದು, ನಿಮ್ಮ ಕುರ್ಚಿ ಸ್ವಲ್ಪ ಹೊತ್ತು ತಗೋತೀನಿ ಅಂತ ಸ್ಪೀಕರ್ ಕುರ್ಚಿಯ ಹತ್ತಿರ ಹೋಗಿ ನಿಂತು, ಎಲ್ಲಿದ್ದಾರೆ ಅವರು ಅಂತ ಕೇಳಿದ. ಸ್ಪೀಕರ್ ವಿಲಿಯಂ ಲೆಂತಾಲ್ ಮಂಡಿಯೂರಿದ. ಮಂಡಿಯೂರಿಯೇ ಹೇಳಿದ: ಈ ಸದನ ಹೇಳಿದಂತೆ ಅಲ್ಲದೆ ಇಲ್ಲಿ ನೋಡೋಕೆ ನನಗೆ ಕಣ್ಣಿಲ್ಲ, ಮಾತಾಡೋಕೆ ನಾಲಿಗೆ ಇಲ್ಲ, ನಾನು ಇದರ ಸೇವಕ. ರಾಜ ಸುತ್ತ ಕಣ್ಣು ಹಾಯಿಸಿ, ಹಕ್ಕಿಗಳೆಲ್ಲ ಹಾರಿಹೋಗಿವೆ ಅಂತ ವಾಪಸ್ ಹೋದ. ಏಳು ವರ್ಷದ ನಂತರ ಆ ರಾಜನ ತಲೆಯೇ ಹೋಯಿತು.

ನನಗೆ ಹಿಡಿಸಿದ್ದು ಆ ಮಂಡಿ. ಎದೆ ಉಬ್ಬಿಸಿ ಡೈಲಾಗ್ ಹೊಡೆಯಲಿಲ್ಲ, ನೀನು ಕಳ್ಳ ಅನ್ನಲಿಲ್ಲ. ಕೈಮುಗಿದುಕೊಂಡೇ 'ಆಗಲ್ಲ ಬುದ್ಧೀ' ಅನ್ನೋ ನಮ್ಮ ಹಳ್ಳಿ ಮಂದಿಯ ಹಾಗೆ. ಆದರೆ ಲೆಂತಾಲ್‌ನನ್ನು ತೀರಾ ಹೀರೋ ಮಾಡೋದು ಬೇಡ. 1660ರಲ್ಲಿ ರಾಜಮನೆತನ ವಾಪಸ್ ಬಂದಾಗ, ಹಳೇ ರಾಜನ ಸಾವಿಗೆ ಕಾರಣರಾದವರ ವಿಚಾರಣೆ ನಡೆಯಿತು. ಥಾಮಸ್ ಸ್ಕಾಟ್ ಅನ್ನೋ ಸದಸ್ಯ ಸದನದೊಳಗೆ ಏನು ಮಾತಾಡಿದ್ದ ಅಂತ ಸಾಕ್ಷಿ ಹೇಳಿದ್ದು ಯಾರು ಗೊತ್ತಾ? ಇದೇ ಲೆಂತಾಲ್. ಕಣ್ಣು, ಕಿವಿ, ನಾಲಿಗೆ ಎಲ್ಲ ಅಷ್ಟೊತ್ತಿಗೆ ವಾಪಸ್ ಬಂದಿತ್ತು. ಸ್ಕಾಟ್‌ಗೆ ಮರಣದಂಡನೆ ಆಯಿತು. ಕುರ್ಚಿಯಲ್ಲಿದ್ದಾಗ ಅಷ್ಟು ಗಟ್ಟಿ ಇದ್ದವನು, ಇಳಿದ ಮೇಲೆ ಮಾಮೂಲಿ ಹೆದರುಪುಕ್ಕ ಮನುಷ್ಯ. ಇದು ಓದಿದ ಮೇಲೆ ಅವನು ನನಗೆ ಇನ್ನೂ ಹತ್ತಿರದವನು ಅನ್ನಿಸಿದ.

ಆ ಸದನದ ಹೆಸರು ಹೌಸ್ ಆಫ್ ಕಾಮನ್ಸ್, ನಮ್ಮ ಲೋಕಸಭೆ ಇದ್ದ ಹಾಗೆ. ಅವತ್ತಿನಿಂದ ಇವತ್ತಿನವರೆಗೆ ಕಾಮನ್ಸ್ ಸಭೆ ನಡೆಯುವಾಗ ಯಾವ ರಾಜನೂ ರಾಣಿಯೂ ಒಳಗೆ ಕಾಲಿಟ್ಟಿಲ್ಲ. ರಾಜ ಭಾಷಣ ಮಾಡೋ ದಿನ ಕಾಮನ್ಸ್ ಸದಸ್ಯರನ್ನು ಕರೆಯೋಕೆ ರಾಜನ ಪರವಾಗಿ ಒಬ್ಬ ಅಧಿಕಾರಿ ಬರುತ್ತಾರೆ. ಕೈಯಲ್ಲಿ ಕರಿ ಕೋಲು, ಹೆಸರೂ ಬ್ಲ್ಯಾಕ್ ರಾಡ್. ಬಾಗಿಲ ಹತ್ತಿರ ಬರುತ್ತಿದ್ದ ಹಾಗೆ ಅವರ ಮುಖಕ್ಕೇ ಬಾಗಿಲು ಧಡ್ ಅಂತ ಹಾಕುತ್ತಾರೆ. ಕೋಲಿನಿಂದ ಮೂರು ಸಲ ಬಡಿಯಬೇಕು, ಆಮೇಲೇ ತೆಗೆಯೋದು. ಅದೇ ಹೊತ್ತಿಗೆ ಒಬ್ಬ ಸಂಸದನನ್ನು ಅರಮನೆಯಲ್ಲಿ ಒತ್ತೆಯಾಗಿ ಕೂರಿಸಿಕೊಂಡಿರುತ್ತಾರೆ, ರಾಜ ಸುರಕ್ಷಿತವಾಗಿ ವಾಪಸ್ ಬರಲಿ ಅಂತ. ಆಟವೇ, ಆದರೆ ಎಷ್ಟು ಶ್ರದ್ಧೆಯಿಂದ ಆಡುತ್ತಾರೆ ನೋಡಿ.

ಈಗಿನ ರಾಜ ಅಂದರೆ ನಮ್ಮ ಸಂಘಗಳಲ್ಲಿ ಗೌರವಾಧ್ಯಕ್ಷರು ಇರುತ್ತಾರಲ್ಲ, ಹಾಗೆ. ಲೆಟರ್‌ಹೆಡ್ಡಿನಲ್ಲಿ ಮೇಲ್ಗಡೆ ಹೆಸರು, ಫಂಕ್ಷನ್ನಿಗೆ ಬಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಕಾರ್ಯದರ್ಶಿ ಬರೆದುಕೊಟ್ಟಿದ್ದನ್ನು ಓದೋದು. ಹೊಸ ಸ್ಪೀಕರ್ ಆಯ್ಕೆಗೂ ರಾಜನ ಒಪ್ಪಿಗೆ ಬೇಕು, ಕಾಗದದ ಮೇಲೆ. ಹಾಗಾದರೆ ರಾಜನ ಎದುರು ನಿಲ್ಲೋಕೆ ಅಂತ ಹುಟ್ಟಿದ ಸ್ಪೀಕರ್‌ಗೆ ಈಗ ಏನು ಕೆಲಸ? ನನಗೆ ಇದೇ ತಲೆ ತಿಂದ ಪ್ರಶ್ನೆ. ಓದುತ್ತಾ ಓದುತ್ತಾ ಹೊಳೆದಿದ್ದು ಇಷ್ಟು: ರಾಜನ ಜೋರು ಎಲ್ಲೂ ಮಾಯ ಆಗಿಲ್ಲ, ಮನೆ ಬದಲಾಯಿಸಿದೆ ಅಷ್ಟೇ. ಅದು ಈಗ ಪ್ರಧಾನಮಂತ್ರಿ ಮನೆಯಲ್ಲಿದೆ. ಹಾಗಾಗಿ ಸ್ಪೀಕರ್ ಬೆನ್ನು ಸದಸ್ಯರ ಕಡೆ ಇಟ್ಟುಕೊಂಡು ಮುಖ ಯಾರ ಕಡೆ ತಿರುಗಿಸಿ ನಿಂತಿದ್ದನೋ ಆ ಕಡೆ ಕೂತಿರೋರು ಬದಲಾಗಿದ್ದಾರೆ.

2019ರಲ್ಲಿ ಇದು ಚೆನ್ನಾಗಿ ಕಾಣಿಸಿತು. ಬ್ರೆಕ್ಸಿಟ್ ಗಲಾಟೆಯ ಕಾಲ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಬರೋ ಗಲಾಟೆ. ಪ್ರಧಾನಿ ತೆರೇಸಾ ಮೇ ತನ್ನ ಒಪ್ಪಂದವನ್ನು ಸದನಕ್ಕೆ ತಂದು ಜನವರಿಯಲ್ಲಿ ಸೋತರು, ಮಾರ್ಚ್‌ನಲ್ಲಿ ಮತ್ತೆ ತಂದು ಮತ್ತೆ ಸೋತರು. ಮೂರನೇ ಸಲ ತರೋಕೆ ಹೊರಟಾಗ ಸ್ಪೀಕರ್ ಜಾನ್ ಬರ್ಕೋ ಅಡ್ಡ ನಿಂತರು. ಒಂದೇ ಅಧಿವೇಶನದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ತಂದು ಸದನವನ್ನು ಸುಸ್ತು ಮಾಡೋ ಹಾಗಿಲ್ಲ, ಈ ಪದ್ಧತಿ 1604ರಿಂದ ಇದೆ ಅಂದರು. ನಾಲ್ಕು ನೂರು ವರ್ಷದ ಹಿಂದಿನ ಮಾತು ತೆಗೆದು ಸರ್ಕಾರದ ಮುಂದಿಟ್ಟರು! ಬರ್ಕೋ ಪಕ್ಷಪಾತಿ ಅಂತ ಬೈದವರೂ ಬೇಕಾದಷ್ಟು ಜನ ಇದ್ದರು, ಬೈದಿದ್ದರಲ್ಲಿ ಹುರುಳಿಲ್ಲ ಅಂತಲೂ ನಾನು ಹೇಳಲ್ಲ. ಆದರೆ ಅಧಿಕಾರದಲ್ಲಿರೋರಿಗೆ 'ಇಲ್ಲ' ಅನ್ನೋಕೆ ಸದನದ ಒಳಗೇ ಒಂದು ಬಾಯಿ ಇದೆಯಲ್ಲ.

ಸ್ವೀಡನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲೂ ರಾಜ ಇದ್ದಾನೆ. 1975ರಿಂದ ಜಾರಿಯಲ್ಲಿರೋ ಅವರ ಸಂವಿಧಾನದ ಪ್ರಕಾರ ಪ್ರಧಾನಿ ಯಾರಾಗಬೇಕು ಅಂತ ಹೆಸರು ಸೂಚಿಸೋದು ಸ್ಪೀಕರ್. ರಾಜನನ್ನು ಕೇಳೋದೇ ಇಲ್ಲ. 2018ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರದೆ ನಾಲ್ಕು ತಿಂಗಳು ಅಲ್ಲಿನ ಸ್ಪೀಕರ್ ಮುಖಂಡರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಮಾತಾಡಿಸಿದ್ದೇ ಮಾತಾಡಿಸಿದ್ದು. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ರೆಸಾರ್ಟ್ ಬಿಲ್ ಎಷ್ಟಾಗುತ್ತಿತ್ತೋ.

ಈಗ ಮೇಷ್ಟ್ರ ನಿಯಮ. ಬ್ರಿಟನ್‌ನಲ್ಲಿ ಸ್ಪೀಕರ್ ಓಟು ಹಾಕಲ್ಲ, ಎರಡು ಕಡೆಯೂ ಸಮ ಬಂದಾಗ ಮಾತ್ರ ಒಂದು ನಿರ್ಣಾಯಕ ಮತ. ನಮ್ಮ ಸಂವಿಧಾನದಲ್ಲೂ ಹಾಗೇ ಇದೆ, ವಿಧಾನಸಭೆಗೆ 189ನೇ ವಿಧಿ, ಲೋಕಸಭೆಗೆ 100ನೇ ವಿಧಿ. ಆದರೆ ಆ ಒಂದು ಓಟನ್ನು ಯಾವ ಕಡೆ ಹಾಕಬೇಕು? ನಮ್ಮ ವಿಧಿಯಲ್ಲಿ ಅದು ಬರೆದಿಲ್ಲ. ಬ್ರಿಟನ್‌ನಲ್ಲಿ ಡೆನಿಸನ್ ಅನ್ನೋ ಸ್ಪೀಕರ್ 1867ರಲ್ಲಿ ಹಾಕಿಕೊಟ್ಟ ದಾರಿ ಇದೆ. ಇನ್ನೂ ಚರ್ಚೆಗೆ ಅವಕಾಶ ಉಳಿಯೋ ಹಾಗಿದ್ದರೆ ಆ ಕಡೆ ಹಾಕು. ಚರ್ಚೆ ಅಲ್ಲಿಗೇ ಮುಗಿಯೋದಾದರೆ ಇದ್ದದ್ದು ಇದ್ದ ಹಾಗೇ ಉಳಿಯೋ ಕಡೆ ಹಾಕು. ನಿನಗೆ ಏನು ಇಷ್ಟ ಅನ್ನೋದನ್ನು ಯಾರೂ ಕೇಳಿಲ್ಲ. 2019ರ ಏಪ್ರಿಲ್ 3ರಂದು ಕಾಮನ್ಸ್‌ನಲ್ಲಿ ಒಂದು ತಿದ್ದುಪಡಿಗೆ 310-310 ಬಂತು, 1993ರ ನಂತರ ಅದೇ ಮೊದಲ ಸಲ. ಬರ್ಕೋ ಅದರ ವಿರುದ್ಧ ಓಟು ಹಾಕಿದರು. ಇಲ್ಲದ ಬಹುಮತವನ್ನು ಕುರ್ಚಿ ಹುಟ್ಟಿಸಬಾರದು ಅನ್ನೋದು ಅವರು ಕೊಟ್ಟ ಕಾರಣ.

ಇದನ್ನು ಓದಿದಾಗ ರಾತ್ರಿ ಒಂದು ಗಂಟೆ. ಹೊರಗೆ ಪಾರ್ಕು ಗಪ್‌ಚುಪ್. ಬೀಗ ಹಾಕಿತ್ತಲ್ಲ! 21-21 ಅಂದರೆ ಬೀಗಕ್ಕೆ ಬಹುಮತ ಇಲ್ಲ ಅಂತ ತಾನೇ ಅರ್ಥ. ಗೇಟು ಅಲ್ಲಿಯವರೆಗೆ ತೆರೆದೇ ಇತ್ತು, ತೆರೆದೇ ಬಿಡಬೇಕಿತ್ತು, ಇಲ್ಲಾ ಮುಂದಿನ ತಿಂಗಳು ಮತ್ತೆ ಮಾತಾಡೋಣ ಅನ್ನಬೇಕಿತ್ತು. ನನ್ನ ನಿದ್ದೆಗೋಸ್ಕರ ಇಲ್ಲದ ಬಹುಮತ ಹುಟ್ಟಿಸಿದ್ದೆ.

ಮರುದಿನ ಅಂಗಡಿ ಮುಂದೆ ಮೇಷ್ಟ್ರು ಸಿಕ್ಕರು, ನೀವು ಹೇಳಿದ್ದು ಸರಿ ಅಂದೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ಮುಕ್ಕಾಲು ಗಂಟೆ ಪಾಠ ಮಾಡಿದರು, ಗಿರಾಕಿಗಳು ಬಂದು ಹೋದರೂ ನಿಲ್ಲಿಸಲಿಲ್ಲ. ರಾಜನ ಕೆಳಗೆ ಸಭೆ ಅನ್ನೋದು ನಮಗೇನು ಹೊಸದಲ್ಲ ಕಣಪ್ಪ, ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು, ರಂಗಾಚಾರ್ಲು ದಿವಾನರಾಗಿದ್ದಾಗ. ನಮ್ಮ ಚಿತ್ರದುರ್ಗ ಸೀಮೆಯವರೂ ದಸರಾ ಹೊತ್ತಿಗೆ ಮೈಸೂರಿಗೆ ಹೋಗಿ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಂಡು ಬರ್ತಿದ್ರು. ಅಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಯಾರು ಕೂರ್ತಿದ್ರು ಹೇಳು ನೋಡೋಣ? ದಿವಾನರೇ! ಸರ್ಕಾರ ನಡೆಸೋರೂ ಅವರೇ, ಸರ್ಕಾರದ ಮೇಲಿನ ದೂರು ಕೇಳೋ ಸಭೆ ನಡೆಸೋರೂ ಅವರೇ. ಮಾರೋನ ಕೈಯಲ್ಲೇ ತಕ್ಕಡಿ. ದಿವಾನರು ಒಳ್ಳೆಯವರಿದ್ರು, ತೂಕ ಸರಿ ಬಂತು, ಅದು ನಮ್ಮ ಪುಣ್ಯ.

ನಿಜಲಿಂಗಪ್ಪನವರ ಕಥೆಯನ್ನೂ ಮೇಷ್ಟ್ರೇ ನೆನಪಿಸಿದ್ದು. ಚಿತ್ರದುರ್ಗದ ವಕೀಲರು, ನಮ್ಮ ಹಳೇ ಜಿಲ್ಲೆಯ ದೊಡ್ಡ ಹೆಸರು. 1962ರ ಚುನಾವಣೆಯಲ್ಲಿ ಪಕ್ಷ ಗೆದ್ದಿತು, ಹೊಸದುರ್ಗದಲ್ಲಿ ಅವರೇ ಸೋತುಬಿಟ್ಟರು. ಅವರು ಇನ್ನೊಂದು ಕ್ಷೇತ್ರದಿಂದ ಗೆದ್ದು ಬರೋ ತನಕ ಮುಖ್ಯಮಂತ್ರಿ ಕುರ್ಚಿ ಕಾಯೋಕೆ ಒಬ್ಬ ನಂಬಿಕಸ್ಥ ಬೇಕಿತ್ತು. ಸಿಕ್ಕಿದ್ದು ಎಸ್.ಆರ್. ಕಂಠಿ, ಅಲ್ಲಿಯವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಮೂರು ತಿಂಗಳು ಮುಖ್ಯಮಂತ್ರಿ ಆಗಿದ್ದು, ನಿಜಲಿಂಗಪ್ಪ ಬಂದ ಕೂಡಲೇ ಎದ್ದು ಕುರ್ಚಿ ಕೊಟ್ಟರು. ಕೊಟ್ಟ ಮಾತಿಗೆ ಅಂಥವರು ಈಗ ಸಿಗಲ್ಲ ಅಂತ ನಮ್ಮ ಹಿರಿಯರು ಹೊಗಳುತ್ತಾರೆ, ಅದು ನಿಜ ಕೂಡ. ಆದರೆ ಸ್ಪೀಕರ್ ಕಣ್ಣಿನಿಂದ ನೋಡಿದರೆ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ನಿನ್ನೆ ಅಂಪೈರ್ ಆಗಿದ್ದವರು ಇವತ್ತು ಪ್ಯಾಡ್ ಕಟ್ಟಿಕೊಂಡು ಬ್ಯಾಟಿಂಗಿಗೆ ಬಂದ ಹಾಗೆ.

ಬ್ರಿಟನ್‌ನಲ್ಲಿ ಆ ದಾರಿಯನ್ನೇ ಮುಚ್ಚಿಟ್ಟಿದ್ದಾರೆ. ಸ್ಪೀಕರ್ ಆದ ದಿನ ಪಕ್ಷ ಬಿಡಬೇಕು. ಮುಂದಿನ ಚುನಾವಣೆಗೆ 'ಸ್ಪೀಕರ್' ಅಂತಲೇ ನಿಲ್ಲುತ್ತಾರೆ, ದೊಡ್ಡ ಪಕ್ಷಗಳು ಸಾಮಾನ್ಯವಾಗಿ ಎದುರು ಅಭ್ಯರ್ಥಿ ಹಾಕಲ್ಲ. ಇಳಿದ ಮೇಲೆ ಮಂತ್ರಿಗಿರಿಗೆ ಕೈಚಾಚೋ ಪದ್ಧತಿ ಇಲ್ಲ. ಮುಂದೆ ಯಾರ ಹತ್ತಿರವೂ ಟಿಕೆಟ್ ಕೇಳಬೇಕಾಗಿಲ್ಲ ಅಂದರೆ ಮನುಷ್ಯನಿಗೆ ತಾನಾಗೇ ಬೆನ್ನುಮೂಳೆ ಬರುತ್ತದೆ. ನಮ್ಮಲ್ಲಿ 1967ರಲ್ಲಿ ಲೋಕಸಭೆ ಸ್ಪೀಕರ್ ಆದಾಗ ನೀಲಂ ಸಂಜೀವ ರೆಡ್ಡಿ ಪಕ್ಷ ಬಿಟ್ಟರು. ಅದು ಪದ್ಧತಿಯಾಗಿ ಬೆಳೆಯಲಿಲ್ಲ. 2008ರಲ್ಲಿ ಸೋಮನಾಥ ಚಟರ್ಜಿ ಕುರ್ಚಿ ಬಿಡಿ ಅಂದ ಪಕ್ಷದ ಮಾತು ಕೇಳಲಿಲ್ಲ, ಪಕ್ಷ ಅವರನ್ನೇ ಹೊರಗೆ ಹಾಕಿತು.

ಮೇಲಾಗಿ ನಮ್ಮ ಸ್ಪೀಕರ್ ಕೈಗೆ 1985ರಲ್ಲಿ ಪಕ್ಷಾಂತರ ಮಾಡಿದವರನ್ನು ಅನರ್ಹ ಮಾಡೋ ಕತ್ತಿಯನ್ನೂ ಕೊಟ್ಟೆವು. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರಲ್ಲಿ 16 ಶಾಸಕರು ಅನರ್ಹ, ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2019ರಲ್ಲಿ 17 ಜನ ಅನರ್ಹ, ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದು, ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತಲೂ ಅಂದಿತು. ಎರಡು ಸಲವೂ ಬೇರೆ ಬೇರೆ ಪಕ್ಷದಿಂದ ಬಂದ ಸ್ಪೀಕರ್. ಒಂದು ಸಲ ಒಳ್ಳೆಯ ತೀರ್ಪು ಅಂದವರೇ ಇನ್ನೊಂದು ಸಲ ಅನ್ಯಾಯ ಅಂದರು. 2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯನ್ನು ಕುರ್ಚಿಯಿಂದಲೇ ಎಳೆದು ಇಳಿಸಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದೆವು. ಅವರ ಕಡೆ ಕುರ್ಚಿಗೆ ಎಳೆಯುತ್ತಾರೆ, ನಮ್ಮ ಕಡೆ ಕುರ್ಚಿಯಿಂದ ಎಳೆಯುತ್ತಾರೆ.

ಹಾಗಂತ ಇಂಗ್ಲೆಂಡಿನವರೆಲ್ಲ ಸಾಚಾ ಅಂದುಕೊಳ್ಳಬೇಡಿ. 1695ರಲ್ಲಿ ಜಾನ್ ಟ್ರೆವರ್ ಅನ್ನೋ ಸ್ಪೀಕರ್ ಲಂಚ ತಿಂದು ಹೊರಬಿದ್ದ. 2009ರಲ್ಲಿ ಸಂಸದರ ಖರ್ಚುವೆಚ್ಚದ ಹಗರಣದಲ್ಲಿ ಮೈಕೆಲ್ ಮಾರ್ಟಿನ್ ಒತ್ತಡಕ್ಕೆ ಸಿಕ್ಕಿ ಇಳಿಯಬೇಕಾಯಿತು. ನನಗೆ ಅವರಲ್ಲೆಲ್ಲ ಇಷ್ಟವಾದದ್ದು ಬರ್ನಾರ್ಡ್ ವೆದರಿಲ್, 1983ರಿಂದ 1992ರವರೆಗೆ ಇದ್ದವರು. ದರ್ಜಿ ಮನೆತನ, ಸ್ವತಃ ಹೊಲಿಗೆ ಕಲಿತವರು. ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕಿಕೊಳ್ಳೋ ಪುಟ್ಟ ಟೋಪಿಯನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರಂತೆ, ತಾನು ಎಲ್ಲಿಂದ ಬಂದೆ ಅಂತ ಮರೆಯದಿರಲಿ ಅಂತ. ನಾನು ಜೇಬಲ್ಲಿ ಏನು ಇಟ್ಟುಕೊಳ್ಳಬಹುದಿತ್ತು ಅಂತ ಯೋಚನೆ ಮಾಡಿದೆ. ಮಾತ್ರೆ ಕತ್ತರಿಸೋ ಕತ್ತರಿ ಇದೆ, ಅಷ್ಟೇ.

ಸಂಘದ ಮುಂದಿನ ಸಭೆ ಯುಗಾದಿ ಕಳೆದ ಮೇಲೆ. ಬೀಗದ ವಿಷಯ ಮತ್ತೆ ತಗೊಳ್ಳಿ ಅಂತ ನಾನೇ ಕಾರ್ಯದರ್ಶಿಗೆ ಬರೆದುಕೊಟ್ಟಿದ್ದೇನೆ. ಈ ಸಲ ಕುರ್ಚಿ ಬೇಡ, ನೆಲದ ಮೇಲೆ ಜಮಖಾನದಲ್ಲಿ ಕೂತು ಕೈ ಎತ್ತುತ್ತೇನೆ, ಬೀಗದ ಪರವೇ ಎತ್ತುತ್ತೇನೆ. ಅದನ್ನು ಮೇಷ್ಟ್ರಿಗೂ ಹೇಳಿದ್ದೇನೆ. 'ಎತ್ತಪ್ಪ, ಅದು ನಿನ್ನ ಹಕ್ಕು' ಅಂದರು. ಬಿಪಿ ಮಾತ್ರೆ ಈಗ ನನ್ನ ಹತ್ತಿರವೇ ತಗೊಳ್ಳುತ್ತಾರೆ.

ಅಲ್ಲಿಯವರೆಗೆ ಕೀಲಿ ನನ್ನ ಮನೆಯಲ್ಲಿದೆ. 'ನಿಮ್ಮ ಒಂದು ಓಟಿಗೆ ತಾನೇ ಬೀಗ ಬಿದ್ದಿದ್ದು, ಮನೆನೂ ಪಕ್ಕದಲ್ಲೇ ಐತಿ, ನೀವೇ ಇಟ್ಕೊಳ್ರಿ' ಅಂತ ಅವತ್ತೇ ನನ್ನ ಕೊರಳಿಗೆ ಕಟ್ಟಿದ್ದರು. ಬೆಳಗಿನ ಜಾವ ಐದಕ್ಕೆ ವಾಕಿಂಗಿನವರು ಬಂದು ಗೇಟಿನ ಹತ್ತಿರ ನಿಂತಿರುತ್ತಾರೆ, ಎಲ್ಲರಿಗಿಂತ ಮುಂದೆ ಮಂಕಿ ಟೋಪಿ ಹಾಕಿಕೊಂಡು ಮೇಷ್ಟ್ರು. ಮೊದಲೆಲ್ಲ ಫೋನ್ ಮಾಡುತ್ತಿದ್ದರು. ಬ್ಲ್ಯಾಕ್ ರಾಡ್ ಕಥೆ ಮಾತಾಡಿಕೊಂಡ ಮೇಲೆ ಫೋನ್ ಬಿಟ್ಟಿದ್ದಾರೆ, ವಾಕಿಂಗ್ ಕೋಲಿನಿಂದ ಗೇಟಿಗೆ ಮೂರು ಸಲ ಬಡಿಯುತ್ತಾರೆ. ನಾನು ಲುಂಗಿ ಸರಿಮಾಡಿಕೊಂಡು, ಕೀಲಿ ಹುಡುಕಿಕೊಂಡು ಹೋಗುತ್ತೇನೆ.